‘ಪೋಸ್ಟ್’ ಅಂದ್ರೆ ಕಂಬಾನಾ, ಕಾಗದಾನಾ, ಕೆಲಸಾನಾ?

ಪ್ರಶ್ನೆ: ಸಾರ್, ಹಾಸನ ಜಿಲ್ಲೆಯಲ್ಲಿ ಒಂದು ತಾಲ್ಲೂಕು ಕಚೇರಿ ಎದುರು ನಾನು ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಆನ್‌ಲೈನ್ ಅರ್ಜಿ ತುಂಬಿಕೊಡುವುದೂ ಉಂಟು. ನಾನು ಓದಿದ್ದು ಪಿಯುಸಿ, ಅದೂ ಕನ್ನಡ ಮೀಡಿಯಂ. ಮಗಳು ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಸಂಜೆ ಅಂಗಡಿಯಲ್ಲೇ ಕೂತು ಓದುತ್ತಾಳೆ. ಮೊನ್ನೆ ಒಂದು ನೇಮಕಾತಿ ಪ್ರಕಟಣೆ ಪ್ರಿಂಟ್ ತೆಗೆಯುವಾಗ ಅದನ್ನು ಓದಿ, ‘ಅಪ್ಪಾ, ಇದರಲ್ಲಿ ಪೋಸ್ಟ್ ಅಂತ ನಾಲ್ಕು ಕಡೆ ಇದೆ. ನಾಲ್ಕೂ ಕಡೆ ಅರ್ಥ ಬೇರೆ. ಯಾಕೆ?’ ಅಂದಳು. ಹುದ್ದೆಗೂ ಪೋಸ್ಟು, ಅಂಚೆಗೂ ಪೋಸ್ಟು, ವೆಬ್‌ಸೈಟಿಗೆ ಹಾಕೋದೂ ಪೋಸ್ಟು, ಪೋಸ್ಟ್ ಗ್ರಾಜುಯೇಟಿನಲ್ಲೂ ಪೋಸ್ಟು! ಹಿಂದೆ ರಸ್ತೆ ಬದಿ ಕಂಬಕ್ಕೆ ಡಬ್ಬಿ ಕಟ್ಟಿ ಕಾಗದ ಹಾಕ್ತಿದ್ರು, ಅದಕ್ಕೇ ಆ ಹೆಸರು ಅಂತ ಏನೋ ಹೇಳಿದೆ. ಕಂಪ್ಯೂಟರ್ ರಿಪೇರಿ ಹುಡುಗ ಅಲ್ಲೇ ಇದ್ದ. ‘ಅಲ್ಲಣ್ಣ, ಪೋಸ್ಟ್ ಅನ್ನೋದು ಶಾರ್ಟ್ ಫಾರ್ಮ್’ ಅಂದ. ಯಾವುದು ನಿಜ? ಇಂಥ ಪದಗಳ ಅರ್ಥವನ್ನೆಲ್ಲ ಅವಳು ಬಾಯಿಪಾಠ ಮಾಡಬೇಕಾ? ಇನ್ನೊಂದು ವಿಷಯ. ಪರೀಕ್ಷೆಯಲ್ಲಿ ‘ಪ್ರಿಪೋನ್’ ಅಂತ ಬರೆದಿದ್ದಕ್ಕೆ ಟೀಚರ್ ಮಾರ್ಕ್ಸ್ ಕಳೆದಿದ್ದಾರೆ. ಅಂಥ ಪದವೇ ಇಲ್ವಾ?

ಉತ್ತರ: ನಿಮ್ಮ ಪ್ರಶ್ನೆಗಳ ಹಿಂದೆ ಒಂದು ಅಳುಕು ಇದೆ. ಇಂಗ್ಲಿಷಿಗೆ ತಲೆಬುಡ ಇಲ್ಲ, ಒಂದೊಂದು ಪದಕ್ಕೆ ಹತ್ತು ಅರ್ಥ, ಮಗಳು ಇದನ್ನೆಲ್ಲ ಹೇಗೆ ದಾಟುತ್ತಾಳೋ ಅನ್ನುವ ಅಳುಕು. ಸರ್ಕಾರಿ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದ ಮಾಡುವುದು, ಆ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಪಾಠ ಹೇಳುವುದು ನನ್ನ ವೃತ್ತಿ. ಈ ‘ಪೋಸ್ಟ್’ ನನ್ನ ಮೇಜಿಗೆ ಬರದ ದಿನ ಕಡಿಮೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ‘ಪೋಸ್ಟ್’ ಒಂದು ಪದ ಅಲ್ಲ. ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಸ್ಪೆಲಿಂಗಿಗೆ ಸೇರಿಕೊಂಡ ಹಲವು ಪದಗಳು. ಒಂದೇ ಊರಲ್ಲಿ ಮೂರು ಜನ ಮಂಜುನಾಥ ಇದ್ದ ಹಾಗೆ. ಹೆಸರು ಒಂದೇ, ಮನೆತನ ಬೇರೆ.

ಇದು ಇಂಗ್ಲಿಷಿನ ಕಾಯಿಲೆಯೂ ಅಲ್ಲ. ನಮ್ಮ ‘ಆಡು’ ನೋಡಿ. ಸೊಪ್ಪು ಮೇಯುವ ಆಡು ಒಂದು, ಅಂಗಳದಲ್ಲಿ ಮಕ್ಕಳು ಆಡುವ ಆಡು ಇನ್ನೊಂದು. ಎರಡಕ್ಕೂ ಸಂಬಂಧ ಇಲ್ಲ. ಆದರೆ ‘ಹೊಡಿ’ ಬೇರೆ ಜಾತಿ. ಗಂಟೆ ಹೊಡಿ, ಸುಣ್ಣ ಹೊಡಿ, ಔಷಧಿ ಹೊಡಿ, ನಿದ್ದೆ ಹೊಡಿ, ಡೈಲಾಗ್ ಹೊಡಿ. ಇಲ್ಲಿ ಪದ ಒಂದೇ. ಬಳಸುತ್ತಾ ಬಳಸುತ್ತಾ ಅರ್ಥ ಹರಡಿಕೊಂಡಿದೆ. ಬೇರೆ ಬೇರೆ ಪದ ಒಂದೇ ರೂಪಕ್ಕೆ ಬರುವುದು, ಒಂದೇ ಪದ ಹತ್ತು ಕಡೆ ಹರಡುವುದು, ಈ ಎರಡೂ ‘ಪೋಸ್ಟ್’ನಲ್ಲಿ ಒಟ್ಟಿಗೆ ನಡೆದಿವೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಕಂಬದ ಪೋಸ್ಟ್. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹಳೆಯದು ಇದು, ಸಾವಿರ ವರ್ಷಕ್ಕೂ ಹಿಂದಿನದು. ಲ್ಯಾಟಿನ್ನಿನ ‘ಪೋಸ್ಟಿಸ್’ನಿಂದ ಬಂತು. ಪೋಸ್ಟಿಸ್ ಅಂದರೆ ಬಾಗಿಲ ಪಕ್ಕದ ಕಂಬ. ಲ್ಯಾಂಪ್ ಪೋಸ್ಟ್, ಗೋಲ್ ಪೋಸ್ಟ್ ಎಲ್ಲ ಇದರ ಮಕ್ಕಳು. ನಮ್ಮ ಚುನಾವಣೆ ಪದ್ಧತಿಗೆ ‘ಫಸ್ಟ್ ಪಾಸ್ಟ್ ದ ಪೋಸ್ಟ್’ ಅನ್ನುತ್ತಾರಲ್ಲ, ಅದೂ ಕಂಬವೇ. ಕುದುರೆ ರೇಸಿನಲ್ಲಿ ಗೆಲುವಿನ ಕಂಬವನ್ನು ಯಾವ ಕುದುರೆ ಮೊದಲು ದಾಟಿತು ಅನ್ನುವುದಷ್ಟೇ ಲೆಕ್ಕ. ಎಷ್ಟು ಅಂತರದಲ್ಲಿ ಗೆದ್ದಿತು ಅಂತ ಯಾರೂ ಕೇಳುವುದಿಲ್ಲ. ಒಂದು ಓಟು ಜಾಸ್ತಿ ಬಿದ್ದವನೂ ಶಾಸಕ ಆಗುವುದು ಅದಕ್ಕೇ. ಕಚೇರಿಯಿಂದ ಕಚೇರಿಗೆ ಅಲೆಸಿದರು ಅನ್ನುವುದಕ್ಕೆ ‘ಪಿಲ್ಲರ್ ಟು ಪೋಸ್ಟ್’ ಅಂತ ಇಂಗ್ಲಿಷ್ ಪೇಪರಿನಲ್ಲಿ ಬರೆಯುತ್ತಾರೆ. ಅಲ್ಲೂ ಪೋಸ್ಟ್ ಅಂದರೆ ಕಂಬ. ಅಂಚೆ ಕಚೇರಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಅಂಗಡಿ ಎದುರು ಈ ಅಲೆದಾಟವನ್ನು ದಿನಾ ನೋಡುತ್ತೀರಿ, ವಿವರಿಸುವುದು ಬೇಡ.

ಈಗ ನೀವು ಮಗಳಿಗೆ ಹೇಳಿದ ಕಥೆ. ಕಂಬಕ್ಕೆ ಡಬ್ಬಿ ಕಟ್ಟಿದ್ದರಿಂದ ಕಾಗದಕ್ಕೆ ಪೋಸ್ಟ್ ಅಂತ ಹೆಸರು ಬಂತು ಅನ್ನುವುದು. ಕೇಳಲು ಚೆನ್ನಾಗಿದೆ, ಆದರೆ ಇಸವಿ ಕೂಡಿ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅಂಚೆಗೆ ‘ಪೋಸ್ಟ್’ ಅನ್ನುವ ಬಳಕೆ 1500ರ ಆಸುಪಾಸಿನದು. ಬ್ರಿಟಿಷರು ರಸ್ತೆ ಬದಿಯಲ್ಲಿ ಕಂಬದಂಥ ಅಂಚೆ ಪೆಟ್ಟಿಗೆ ನಿಲ್ಲಿಸಿದ್ದು 1852ರಲ್ಲಿ, ಜರ್ಸಿ ದ್ವೀಪದಲ್ಲಿ ಮೊದಲು. ಡಬ್ಬಿ ಹುಟ್ಟುವ ಮುನ್ನೂರೈವತ್ತು ವರ್ಷ ಮುಂಚೆಯೇ ಹೆಸರು ಇತ್ತು. ಪದಗಳ ಬಗ್ಗೆ ಯಾರಾದರೂ ಕಥೆ ಹೇಳಿದಾಗ ನಾನು ಮೊದಲು ಕೇಳುವುದು ಇದನ್ನೇ. ಪದ ಮುಂಚೆ ಬಂತೋ, ವಸ್ತು ಮುಂಚೆ ಬಂತೋ? ಬಹಳಷ್ಟು ಕಥೆಗಳು ಇಲ್ಲೇ ಬಿದ್ದುಹೋಗುತ್ತವೆ.

ಹಾಗಾದರೆ ಅಂಚೆಯ ಪೋಸ್ಟ್ ಎಲ್ಲಿಂದ ಬಂತು? ಲ್ಯಾಟಿನ್ನಿನಲ್ಲಿ ‘ಪೊನೆರೆ’ ಅಂತ ಒಂದು ಕ್ರಿಯಾಪದ. ಇಡು, ಇರಿಸು ಅಂತ ಅರ್ಥ. ಅದರಿಂದ ಇಟಾಲಿಯನ್ನಿನಲ್ಲಿ ‘ಪೋಸ್ತಾ’, ಫ್ರೆಂಚಿನಲ್ಲಿ ‘ಪೋಸ್ಟ್’, ಅಲ್ಲಿಂದ ಇಂಗ್ಲಿಷಿಗೆ. ಇಟ್ಟದ್ದು ಏನನ್ನ? ಕಾಗದವನ್ನಲ್ಲ, ಕುದುರೆ ಮತ್ತು ಸವಾರರನ್ನ. ರಾಜನ ಪತ್ರ ದೂರದ ಊರಿಗೆ ಬೇಗ ಮುಟ್ಟಬೇಕು. ಒಬ್ಬನೇ ಸವಾರ, ಒಂದೇ ಕುದುರೆ ಅಷ್ಟು ದೂರ ಓಡಲು ಆಗುವುದಿಲ್ಲ. ಅದಕ್ಕೆ ದಾರಿಯುದ್ದಕ್ಕೂ ಇಷ್ಟಿಷ್ಟು ದೂರಕ್ಕೆ ಒಂದು ಠಾಣೆ. ಅಲ್ಲಿ ದಣಿಯದ ಕುದುರೆ ಸಿದ್ಧ ಇರುತ್ತದೆ. ಬಂದ ಸವಾರ ಚೀಲ ಕೊಟ್ಟ, ಇನ್ನೊಬ್ಬ ಹೊರಟ. ಹಾಗೆ ‘ಇರಿಸಿದ’ ಠಾಣೆ ಪೋಸ್ಟ್. ಆಮೇಲೆ ಅಲ್ಲಿಂದ ಓಡುವ ಸವಾರನೂ ಪೋಸ್ಟ್. ಆಮೇಲೆ ಅವನ ಚೀಲದಲ್ಲಿದ್ದ ಪತ್ರಗಳೂ ಪೋಸ್ಟ್. ಕೊನೆಗೆ ಆ ವ್ಯವಸ್ಥೆಯೇ ಪೋಸ್ಟ್. ಅರ್ಥ ಒಂದೊಂದೇ ಹೆಜ್ಜೆ ಜರುಗಿದ್ದು ಕಾಣುತ್ತದೆ ಅಲ್ವಾ?

ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಬ್ರಯಾನ್ ಟ್ಯೂಕ್ ಎಂಬಾತ ‘ಮಾಸ್ಟರ್ ಆಫ್ ದ ಪೋಸ್ಟ್ಸ್’ ಆಗಿದ್ದ. ಅವನ ಕೆಲಸ ಈ ಕುದುರೆ ಠಾಣೆಗಳನ್ನು ನೋಡಿಕೊಳ್ಳುವುದು. ಆಗಿನ ತುರ್ತು ಪತ್ರಗಳ ಮೇಲೆ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಅಂತ ಬರೆಯುತ್ತಿದ್ದರು. ಬೇಗ, ಸವಾರನೇ, ಬೇಗ ಅಂತ. ತರಾತುರಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಇರುವ ‘ಪೋಸ್ಟ್ ಹೇಸ್ಟ್’ ಅದೇ. ಈ ಅಂಚೆ ಶುರುವಿಗೆ ರಾಜನ ಕಾಗದಕ್ಕೆ ಮಾತ್ರ ಇತ್ತು. ಸಾಮಾನ್ಯ ಜನರಿಗೂ ತೆರೆದದ್ದು 1635ರಲ್ಲಿ, ಒಂದನೇ ಚಾರ್ಲ್ಸ್ ಕಾಲದಲ್ಲಿ. ಸ್ಟಾಂಪು ಬರಲು 1840ರವರೆಗೆ ಕಾಯಬೇಕಾಯಿತು.

ನಮ್ಮಲ್ಲೂ ಇದೇ ಏರ್ಪಾಡು ಇತ್ತು. ಕುದುರೆಗಿಂತ ಓಟಗಾರರು ಜಾಸ್ತಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಶುರು ಮಾಡಿದರು. ಅದು 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗುವವರೆಗೆ ನಡೆಯಿತು. ‘ಅಂಚೆ’ ಪದಕ್ಕೂ ನಮ್ಮಲ್ಲಿ ಒಂದು ಕಥೆ ಕಟ್ಟಿದ್ದಾರೆ. ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸ. ನಳ ದಮಯಂತಿಯರ ನಡುವೆ ಹಂಸ ಸಂದೇಶ ಒಯ್ದಿತಲ್ಲ, ಅದಕ್ಕೇ ಟಪಾಲಿಗೆ ಅಂಚೆ ಅಂತ ಹೆಸರು ಅನ್ನುತ್ತಾರೆ. ಸೊಗಸಾದ ಕಥೆ, ನನಗೂ ಇಷ್ಟ. ಆದರೆ ಪಕ್ಕದ ಮನೆ ನೋಡಿ. ತಮಿಳಿನಲ್ಲಿ ಟಪಾಲಿಗೆ ಅಂಜಲ್, ಮಲಯಾಳದಲ್ಲಿ ಅಂಚಲ್. ಅವರ ಹಂಸ ಮಾತ್ರ ಅನ್ನಂ, ಅರಯನ್ನಂ. ಹಂಸಕ್ಕೆ ಬೇರೆ ಹೆಸರಿರುವ ಕಡೆಯಲ್ಲೂ ಟಪಾಲಿಗೆ ಇದೇ ಹೆಸರಿದ್ದರೆ ನಳನ ಹಂಸವನ್ನು ಇಲ್ಲಿಗೆ ಎಳೆದು ತರುವುದು ಕಷ್ಟ. ನಿಮ್ಮ ಕಂಬದ ಡಬ್ಬಿ ಕಥೆಯೂ ಇದೇ ಥರದ್ದು. ಎರಡು ಪದ ಒಂದೇ ರೀತಿ ಕೇಳಿಸಿದರೆ ನಡುವೆ ಸೇತುವೆ ಕಟ್ಟದೆ ಮನಸ್ಸು ಸುಮ್ನೆ ಇರುವುದಿಲ್ಲ. ಎಲ್ಲ ಭಾಷೆಯವರೂ ಮಾಡುವ ಕೆಲಸ ಇದು, ನೀವು ಬೇಜಾರು ಮಾಡಿಕೊಳ್ಳಬೇಡಿ.

ಮೂರನೆಯದು ಹುದ್ದೆಯ ಪೋಸ್ಟ್. ಇದೂ ‘ಪೊನೆರೆ’ಯ ಮಗುವೇ, ಆದರೆ ಬಂದ ದಾರಿ ಬೇರೆ. ಇಟಾಲಿಯನ್ನಿನ ‘ಪೋಸ್ತೊ’, ಫ್ರೆಂಚ್, ಆಮೇಲೆ ಇಂಗ್ಲಿಷ್. ಮೊದಲು ಸೈನ್ಯದ ಮಾತು. ಕಾವಲಿಗೆ ಸಿಪಾಯಿಯನ್ನು ನಿಲ್ಲಿಸಿದ ಜಾಗಕ್ಕೆ ಪೋಸ್ಟ್ ಅಂತಿದ್ದರು. ಅಲ್ಲಿಂದ ಜಾಗದ ಜೊತೆ ಬರುವ ಕೆಲಸಕ್ಕೂ ಅದೇ ಹೆಸರಾಯಿತು. ಪೊಲೀಸ್ ಔಟ್‌ಪೋಸ್ಟ್ ಈ ಮನೆಯದು. ಟೀಚರುಗಳು, ಪೊಲೀಸರು ಕಾಯುವ ಪೋಸ್ಟಿಂಗ್ ಆರ್ಡರೂ ಇದೇ ಮನೆಯದು. ‘ಎಲ್ಲಿಗೆ ಪೋಸ್ಟಿಂಗ್ ಆಯ್ತು?’ ಅಂತ ಕೇಳುವಾಗ ನಮ್ಮವರು ಕೆಲಸಕ್ಕಿಂತ ಜಾಗವನ್ನೇ ಕೇಳುತ್ತಿರುತ್ತಾರೆ. ಹಳೆಯ ಅರ್ಥ ಅಲ್ಲಿ ಹಾಗೇ ಉಳಿದಿದೆ.

ಚೆಕ್‌ಪೋಸ್ಟ್ ಮಾತ್ರ ಎಲ್ಲರನ್ನೂ ಬೀಳಿಸುತ್ತದೆ. ಬಂಡೀಪುರದ ದಾರಿಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ನೆನಪು ಮಾಡಿಕೊಳ್ಳಿ. ರಸ್ತೆಗೆ ಅಡ್ಡವಾಗಿ ಕೆಂಪು ಬಿಳಿ ಪಟ್ಟೆಯ ಕಂಬ. ಒಂದು ತುದಿಗೆ ಕಲ್ಲಿನ ತೂಕ, ಇನ್ನೊಂದು ತುದಿಗೆ ಹಗ್ಗ. ಗಾರ್ಡ್ ಹಗ್ಗ ಸಡಿಲ ಬಿಟ್ಟರೆ ಕಂಬ ಮೇಲೇಳುತ್ತದೆ. ಕಣ್ಣೆದುರಿಗೆ ಅಷ್ಟು ದೊಡ್ಡ ಕಂಬ ಇರುವಾಗ ಪೋಸ್ಟ್ ಅಂದರೆ ಅದೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಲ್ಲಿ ಪೋಸ್ಟ್ ಆ ಕಂಬ ಅಲ್ಲ, ಗಾರ್ಡ್ ನಿಂತಿರುವ ಠಾಣೆ. ಕಂಬ ಕಿತ್ತು ಹಾಕಿ ಗಾರ್ಡ್ ಒಬ್ಬನನ್ನೇ ನಿಲ್ಲಿಸಿದರೂ ಅದು ಚೆಕ್‌ಪೋಸ್ಟೇ.

ಸೇನೆಯ ಅಂತ್ಯಸಂಸ್ಕಾರದಲ್ಲಿ, ಪೊಲೀಸ್ ಗೌರವದಲ್ಲಿ ಕಹಳೆಯಲ್ಲಿ ‘ಲಾಸ್ಟ್ ಪೋಸ್ಟ್’ ಊದುತ್ತಾರೆ. ‘ಕೊನೆಯ ಪತ್ರ’ ಅಂತ ಅದನ್ನು ಅನುವಾದ ಮಾಡಿದ್ದನ್ನು ನಾನು ನೋಡಿದ್ದೇನೆ. ಅದಲ್ಲ. ಬ್ರಿಟಿಷ್ ಸೇನೆಯಲ್ಲಿ ರಾತ್ರಿ ಕಾವಲು ಠಾಣೆಗಳ ತಪಾಸಣೆ ಶುರುವಾದಾಗ ಒಂದು ಕಹಳೆ, ಕೊನೆಯ ಠಾಣೆ ನೋಡಿ ಮುಗಿದಾಗ ಇನ್ನೊಂದು. ದಿನದ ಕೆಲಸ ಮುಗಿಯಿತು ಅನ್ನುವ ಆ ಎರಡನೇ ಕಹಳೆ ಆಮೇಲೆ ಸತ್ತವರಿಗೆ ಸಲ್ಲಿಸುವ ಗೌರವ ಆಯಿತು. ಬೆಲ್ಜಿಯಂನ ಈಪರ್ ಊರಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕವಾದ ಮೆನಿನ್ ಗೇಟಿನಲ್ಲಿ, 1928ರಿಂದ ರಾತ್ರಿ 8 ಗಂಟೆಗೆ ಇದನ್ನು ಊದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಆ ಊರನ್ನು ಹಿಡಿದಿದ್ದಾಗ ನಿಂತಿತ್ತು.

ಪೊನೆರೆಯ ವಂಶ ದೊಡ್ಡದು. ಇಟ್ಟದ್ದೆಲ್ಲ ಅದರದ್ದೇ ಅನ್ನಬಹುದು. ಬ್ಯಾಂಕಿನಲ್ಲಿ ಇಟ್ಟ ದುಡ್ಡು ಡಿಪಾಸಿಟ್. ಬಸ್ಸು ನಿಲ್ಲಿಸುವ ಡಿಪೋ ಅದೇ ಪದದ ಫ್ರೆಂಚ್ ರೂಪ. ಕಸಕಡ್ಡಿ, ಸಗಣಿ ಒಟ್ಟಿಗೆ ಹಾಕಿ ಕೊಳೆಸಿದರೆ ಕಾಂಪೋಸ್ಟ್, ಅಂದರೆ ಕೂಡಿಸಿ ಇಟ್ಟದ್ದು. ತಿಪ್ಪೆಗೂ ಪೋಸ್ಟಾಫೀಸಿಗೂ ನೆಂಟಸ್ತಿಕೆ ಇದೆ ಅಂತ ಮಗಳಿಗೆ ಹೇಳಿ ನೋಡಿ, ಮರೆಯುವುದಿಲ್ಲ.

ಇನ್ನೊಂದು ಮನೆ ಇದೆ, ಇದಕ್ಕೂ ಮೇಲಿನವಕ್ಕೂ ರಕ್ತಸಂಬಂಧ ಇಲ್ಲ. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಅಂತಲೇ ಒಂದು ಪುಟ್ಟ ಪದ ಇತ್ತು. ನಂತರ, ಹಿಂದೆ ಅಂತ ಅರ್ಥ. ಪೋಸ್ಟ್ ಗ್ರಾಜುಯೇಟ್, ಪೋಸ್ಟ್ ಮಾರ್ಟಂ, ಮೊಬೈಲಿನ ಪೋಸ್ಟ್‌ಪೇಯ್ಡ್ ಇಲ್ಲಿಂದ. ಗಡಿಯಾರದ ಪಿ.ಎಂ. ಅಂದರೆ ಪೋಸ್ಟ್ ಮೆರಿಡಿಯಂ, ನಡುಹಗಲಾದ ಮೇಲೆ. ಪತ್ರದ ಕೊನೆಗೆ ಹಾಕುವ ಪಿ.ಎಸ್. ಪೋಸ್ಟ್ ಸ್ಕ್ರಿಪ್ಟ್, ಬರೆದಾದ ಮೇಲೆ ಬರೆದದ್ದು. ಈ ಮನೆಯಲ್ಲಿ ಒಂದು ತಮಾಷೆ ನಡೆದಿದೆ. ಮರಣೋತ್ತರ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಪಾಸ್ಚುಮಸ್’ ಅನ್ನುತ್ತಾರೆ. ಅದರ ಸ್ಪೆಲಿಂಗಿನಲ್ಲಿ ಒಂದು ಎಚ್ ಇದೆ, ಉಚ್ಚಾರದಲ್ಲಿ ಇಲ್ಲ. ಮೂಲ ಲ್ಯಾಟಿನ್ನಿನಲ್ಲಿ ಆ ಎಚ್ ಇರಲೇ ಇಲ್ಲ. ‘ಪೊಸ್ಟುಮುಸ್’ ಅಂದರೆ ಕೊನೆಯದು, ಕೊನೆಗೆ ಹುಟ್ಟಿದ್ದು. ಅಪ್ಪ ಸತ್ತ ಮೇಲೆ ಹುಟ್ಟಿದ ಮಗುವಿಗೆ ಹಾಗನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ ‘ಹ್ಯುಮುಸ್’ ಅಂದರೆ ಮಣ್ಣು. ಸಾವಿನ ಮಾತಲ್ವಾ, ಮಣ್ಣು ಮಾಡಿದ ಮೇಲೆ ಅಂತ ಇರಬೇಕು ಅಂದುಕೊಂಡು ಹಿಂದಿನವರು ನಡುವೆ ಎಚ್ ಸೇರಿಸಿಬಿಟ್ಟರು. ತಪ್ಪು ಕಥೆಯೊಂದು ಸ್ಪೆಲಿಂಗನ್ನೇ ಬದಲಾಯಿಸಿತು. ಮಕ್ಕಳು ಇವತ್ತಿಗೂ ಅದಕ್ಕೆ ಡಿಕ್ಟೇಶನ್ನಿನಲ್ಲಿ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ.

ನಂತರದ ಪೋಸ್ಟೂ ಇಡುವ ಪೊನೆರೆಯೂ ಒಂದೇ ಪದದಲ್ಲಿ ಕೂಡಿರುವುದು ‘ಪೋಸ್ಟ್‌ಪೋನ್’ನಲ್ಲಿ. ಮೊದಲರ್ಧ ನಂತರ, ಎರಡನೇ ಅರ್ಧ ಇಡು. ನಂತರಕ್ಕೆ ಇಡು, ಅಂದರೆ ಮುಂದೂಡು. ಇದನ್ನು ನೆನಪಿಟ್ಟುಕೊಳ್ಳಿ, ಪ್ರಿಪೋನ್ ವಿಚಾರಕ್ಕೆ ಬರುವಾಗ ಬೇಕಾಗುತ್ತದೆ.

ವೆಬ್‌ಸೈಟಿನ ಪೋಸ್ಟ್, ಫೇಸ್‌ಬುಕ್ಕಿನ ಪೋಸ್ಟ್ ಯಾವ ಮನೆಯದು? ಸಂದೇಶ ತಾನೇ, ಅಂಚೆಯ ಮನೆಯದು ಅಂತ ಎಲ್ಲರೂ ಅನ್ನುತ್ತಾರೆ. ನಿಘಂಟುಗಳು ಇದನ್ನು ಕಂಬದ ಮನೆಗೆ ಸೇರಿಸುತ್ತವೆ. ಹಿಂದೆ ಲಂಡನ್ನಿನಲ್ಲಿ ನಾಟಕದ ಜಾಹೀರಾತು, ಸರ್ಕಾರದ ನೋಟೀಸು ಇಂಥವನ್ನು ಬೀದಿ ಕಂಬಗಳಿಗೆ ಅಂಟಿಸುತ್ತಿದ್ದರು. ಕಂಬಕ್ಕೆ ಅಂಟಿಸುವುದೇ ಪೋಸ್ಟ್ ಮಾಡುವುದು. ಅಂಟಿಸುವ ಹಾಳೆ ಪೋಸ್ಟರ್. ನಿಮ್ಮ ಅಂಗಡಿ ಎದುರಿನ ನೋಟೀಸ್ ಬೋರ್ಡಿಗೂ ಇಂಗ್ಲಿಷಿನಲ್ಲಿ ಅದೇ ಕ್ರಿಯಾಪದ. 1978ರಲ್ಲಿ ಷಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್, ರ‍್ಯಾಂಡಿ ಸೂಸ್ ಎಂಬ ಇಬ್ಬರು ಕಂಪ್ಯೂಟರಿನಲ್ಲಿ ಮೊದಲ ಸಾರ್ವಜನಿಕ ‘ಬುಲೆಟಿನ್ ಬೋರ್ಡ್’ ಶುರು ಮಾಡಿದರು. ಫೋನ್ ಲೈನಿನಲ್ಲಿ ಅದಕ್ಕೆ ಸಂಪರ್ಕ ಮಾಡಿ ಎಲ್ಲರೂ ಓದುವ ಹಾಗೆ ಸಂದೇಶ ಬಿಡಬಹುದಿತ್ತು. ಬೋರ್ಡ್ ಅಂದ ಮೇಲೆ ಅದಕ್ಕೆ ಹಾಕುವುದು ಪೋಸ್ಟ್ ತಾನೇ? ಆ ಮಾತೇ ಮುಂದೆ ಇಂಟರ್‌ನೆಟ್ಟಿಗೆ ಬಂತು. ಕಾಗದ ಒಬ್ಬರ ವಿಳಾಸಕ್ಕೆ ಹೋಗುತ್ತದೆ, ಕಂಬದ ನೋಟೀಸು ದಾರಿಹೋಕರಿಗೆಲ್ಲ. ಫೇಸ್‌ಬುಕ್ಕಿನಲ್ಲಿ ನಡೆಯುವುದು ಎರಡನೆಯದೇ.

ಮಗಳು ಮುಂದೆ ಕಾಮರ್ಸ್ ತಗೊಂಡರೆ ಇನ್ನೊಂದು ಪೋಸ್ಟ್ ಸಿಗುತ್ತದೆ. ದಿನದ ಲೆಕ್ಕ ಬರೆಯುವ ಜರ್ನಲ್‌ನಿಂದ ಖಾತೆವಾರು ಪುಸ್ತಕವಾದ ಲೆಡ್ಜರ್‌ಗೆ ಲೆಕ್ಕ ಎತ್ತಿ ಬರೆಯುವುದಕ್ಕೆ ‘ಪೋಸ್ಟಿಂಗ್’ ಅನ್ನುತ್ತಾರೆ, 17ನೇ ಶತಮಾನದಿಂದಲೂ. ಇದು ಅಂಚೆಯ ಮನೆಯದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು. ಲೆಡ್ಜರ್ ಅಪ್‌ಟುಡೇಟ್ ಇಟ್ಟ ಹಾಗೆ ಮನುಷ್ಯನನ್ನೂ ಅಪ್‌ಟುಡೇಟ್ ಇಡು ಅನ್ನುವುದರಿಂದ ‘ಕೀಪ್ ಮಿ ಪೋಸ್ಟೆಡ್’ ಬಂದಿದೆ. ನನಗೆ ಕಾಗದ ಬರಿ ಅಂತ ಅದರ ಅರ್ಥ ಅಲ್ಲ. ಆಗಾಗ ವಿಷಯ ತಿಳಿಸ್ತಾ ಇರು ಅಂತ.

ಇನ್ನು ನಿಮ್ಮ ರಿಪೇರಿ ಹುಡುಗ. ಅವನು ಸುಳ್ಳು ಹೇಳಿಲ್ಲ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಅದು ತನ್ನ ಮೆಮೊರಿ, ಕೀಬೋರ್ಡ್ ಎಲ್ಲ ಸರಿಯಿದೆಯಾ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಹೆಚ್ಚುಕಡಿಮೆ ಇದ್ದರೆ ಬೀಪ್ ಬೀಪ್ ಅನ್ನುತ್ತದೆ. ಅದಕ್ಕೆ ‘ಪವರ್ ಆನ್ ಸೆಲ್ಫ್ ಟೆಸ್ಟ್’ ಅಂತ ಹೆಸರು, ಮೊದಲಕ್ಷರ ಕೂಡಿಸಿದರೆ ಪೋಸ್ಟ್. ಅವನ ಕೆಲಸದಲ್ಲಿ ‘ಬೋರ್ಡ್ ಪೋಸ್ಟ್ ಆಗ್ತಿಲ್ಲ’ ಅನ್ನುವುದು ದಿನನಿತ್ಯದ ಮಾತು. ಅಲ್ಲಿಗೆ ಅದು ಸರಿ. ಅದನ್ನೇ ಅಂಚೆಗೂ ಹುದ್ದೆಗೂ ಹಚ್ಚಿದರೆ ತಪ್ಪು.

ಮೊದಲಕ್ಷರದ ಕಥೆಗಳು ವಾಟ್ಸ್ಆ್ಯಪಿನಲ್ಲಿ ಬಹಳ ಓಡಾಡುತ್ತವೆ. ‘ನ್ಯೂಸ್’ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಂತ ನೀವೂ ಓದಿರುತ್ತೀರಿ. ಅದು ಸುಳ್ಳು. ‘ನ್ಯೂ’ ಅಂದರೆ ಹೊಸದು, ಅದರ ಬಹುವಚನ ನ್ಯೂಸ್, ಹೊಸ ವಿಷಯಗಳು. ಮೊದಲಕ್ಷರ ಕೂಡಿಸಿ ಪದ ಮಾಡುವ ಚಾಳಿ ಇಂಗ್ಲಿಷಿಗೆ ಜೋರಾಗಿ ಹತ್ತಿದ್ದು 20ನೇ ಶತಮಾನದಲ್ಲಿ. ರೇಡಾರ್, ಲೇಸರ್, ಮೊಬೈಲಿನ ಸಿಮ್ ಇವೆಲ್ಲ ನಿಜವಾದ ಮೊದಲಕ್ಷರದ ಪದಗಳು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಫುಲ್ ಫಾರ್ಮ್ ಹೇಳಿದರೆ ನಂಬುವ ಮೊದಲು ಒಂದು ಒಳ್ಳೆಯ ನಿಘಂಟು ತೆಗೆದು ನೋಡಿ.

ಈಗ ಮುಖ್ಯ ಪ್ರಶ್ನೆ, ಮಗಳು ಇದನ್ನು ಕಲಿಯುವುದು ಹೇಗೆ?

ಬಾಯಿಪಾಠ ಒಂದು ದಾರಿ. ಒಂದು ಮಾರ್ಕಿನ ಪ್ರಶ್ನೆಗೆ ಸಾಕು. ಆದರೆ ‘ಪೋಸ್ಟ್: ಕಂಬ, ಅಂಚೆ, ಹುದ್ದೆ, ನಂತರ’ ಅಂತ ಉರು ಹೊಡೆದ ಮಗುವಿಗೆ ಯಾವ ಅರ್ಥ ಎಲ್ಲಿ ಹಾಕಬೇಕು ಅನ್ನುವುದು ಗೊತ್ತಾಗುವುದಿಲ್ಲ. ನನ್ನ ಬಳಿ ಕಲಿಯಲು ಬರುವ ಪದವೀಧರರೇ ಇದರಲ್ಲಿ ಎಡವುತ್ತಾರೆ. ಕೃಷಿ ಸುತ್ತೋಲೆಯೊಂದರಲ್ಲಿ ಕೊಯ್ಲಿನ ನಂತರದ ನಷ್ಟಕ್ಕೆ ಇಂಗ್ಲಿಷಿನಲ್ಲಿ ‘ಪೋಸ್ಟ್ ಹಾರ್ವೆಸ್ಟ್ ಲಾಸ್’ ಅಂತ ಇತ್ತು. ಕನ್ನಡದ ಕರಡಿನಲ್ಲಿ ‘ಅಂಚೆ ಸುಗ್ಗಿ ನಷ್ಟ’ ಆಗಿ ಬಂತು. ಬರೆದವನಿಗೆ ನಾಲ್ಕೂ ಅರ್ಥ ಬಾಯಿಗೆ ಬರುತ್ತಿತ್ತು.

ಮೂಲ ಹಿಡಿದು ಕಲಿಯುವುದು ಇನ್ನೊಂದು ದಾರಿ, ನಾನು ಮೇಲೆ ಮಾಡಿದ್ದು. ಕುತೂಹಲ ಹುಟ್ಟುತ್ತದೆ, ನೆನಪು ಗಟ್ಟಿಯಾಗುತ್ತದೆ. ಅಪಾಯವೂ ಇದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ‘ಪೋಸ್ಟ್ ಅಂದರೆ ನಂತರ’ ಅಂತ ಒಂದು ಸಾಲು ಕೊಟ್ಟು ಬಿಟ್ಟುಬಿಡುತ್ತಾರೆ. ಓದಿದ ಹುಡುಗರು ಪೋಸ್ಟ್‌ನಿಂದ ಶುರುವಾಗುವುದಕ್ಕೆಲ್ಲ ‘ನಂತರ’ ಹಚ್ಚುತ್ತಾ ಹೋಗುತ್ತಾರೆ. ರೇಖಾಗಣಿತದ ‘ಪಾಸ್ಟುಲೇಟ್’ಗೂ ನಂತರಕ್ಕೂ ಸಂಬಂಧ ಇಲ್ಲ, ಅದು ಕೇಳು, ಒತ್ತಾಯಿಸು ಅನ್ನುವ ಬೇರೆಯೇ ಲ್ಯಾಟಿನ್ ಪದ. ಮೂಲ ಗೊತ್ತಾದರೆ ಇವತ್ತಿನ ಅರ್ಥ ತಾನಾಗಿ ಗೊತ್ತಾಗುತ್ತದೆ ಅನ್ನುವ ಭ್ರಮೆಯೂ ಬೇಡ. ಪೋಸ್ಟ್‌ಮ್ಯಾನ್ ಈಗ ಕುದುರೆ ಮೇಲೆ ಬರುವುದಿಲ್ಲ.

ಮೊಬೈಲಿನ ಅನುವಾದದ ಆ್ಯಪು ಇಡೀ ವಾಕ್ಯ ಕೊಟ್ಟರೆ ಬಹಳ ಸಲ ಸರಿಯಾಗಿ ಹೇಳುತ್ತದೆ. ಒಂಟಿ ಪದ ಕೊಟ್ಟರೆ ಯಾವ ಮನೆಗೆ ಬೇಕಾದರೂ ನುಗ್ಗುತ್ತದೆ. ನಿಮ್ಮ ಅಂಗಡಿಯಲ್ಲಿ ಅರ್ಜಿ ತುಂಬುವಾಗ ಇದು ನೆನಪಿರಲಿ. ಅಲ್ಲಿ ‘ಪೋಸ್ಟ್’ ಅನ್ನುವ ಖಾನೆ ಒಂಟಿಯಾಗಿಯೇ ಇರುತ್ತದೆ. ‘ಪೋಸ್ಟ್ ಅಪ್ಲೈಡ್ ಫಾರ್’ ಅಂತಿದ್ದರೆ ಹುದ್ದೆಯ ಹೆಸರು, ವಿಳಾಸದ ಸಾಲುಗಳ ಮಧ್ಯೆ ಬರೀ ‘ಪೋಸ್ಟ್’ ಅಂತಿದ್ದರೆ ಅಂಚೆ ಕಚೇರಿಯ ಊರು.

ನಾನು ಹೇಳುವ ದಾರಿ ಅಕ್ಕಪಕ್ಕ ನೋಡಿ ಕಲಿಯುವುದು. ಪೋಸ್ಟ್ ಒಂಟಿಯಾಗಿ ಓಡಾಡುವುದು ಅಪರೂಪ. ಹಿಂದೆ ‘ಬೈ’ ಇದ್ದರೆ ಅಂಚೆ. ‘ವೇಕೆಂಟ್’ ಹತ್ತಿರದಲ್ಲಿ ಇದ್ದರೆ ಹುದ್ದೆ. ಮುಂದಿನ ಪದಕ್ಕೆ ಅಂಟಿಕೊಂಡು ಬಂದರೆ ಸಾಮಾನ್ಯವಾಗಿ ನಂತರ, ಆದರೆ ಪೋಸ್ಟ್‌ಮ್ಯಾನ್, ಪೋಸ್ಟ್‌ಕಾರ್ಡ್ ಇದಕ್ಕೆ ಹೊರತು. ‘ಆನ್ ದ ವೆಬ್‌ಸೈಟ್’ ಅಂತ ಜೊತೆಗಿದ್ದರೆ ಪ್ರಕಟಿಸಿದ್ದು. ನಿಮ್ಮ ಮಗಳು ಆಗಲೇ ಇದನ್ನು ಶುರು ಮಾಡಿದ್ದಾಳೆ ನೋಡಿ. ನಾಲ್ಕು ಕಡೆ ಅರ್ಥ ಬೇರೆ ಅಂತ ಅವಳಿಗೆ ಗೊತ್ತಾದದ್ದು ಅಕ್ಕಪಕ್ಕದ ಪದ ನೋಡಿಯೇ. ಅವಳಿಗೆ ಒಂದು ನೋಟ್‌ಬುಕ್ ಕೊಡಿ. ಪದ ಬರೆದು ಎದುರಿಗೆ ಅರ್ಥ ಬರೆಯುವುದು ಬೇಡ. ಇಡೀ ವಾಕ್ಯ ಬರೆದುಕೊಳ್ಳಲಿ, ನೇಮಕಾತಿ ಪ್ರಕಟಣೆಯಿಂದಲೋ ಪೇಪರಿನಿಂದಲೋ ಸಿಕ್ಕಿದ್ದು. ನಿಧಾನದ ಕೆಲಸ ಇದು, ಒಂದು ತಿಂಗಳಲ್ಲಿ ಫಲ ಕಾಣುವುದಿಲ್ಲ. ಓದುವ ರೂಢಿ ಇಲ್ಲದಿದ್ದರೆ ನೋಟ್‌ಬುಕ್ ಮೂರನೇ ಪುಟಕ್ಕೇ ನಿಲ್ಲುತ್ತದೆ. ಅಂಗಡಿಯಲ್ಲಿ ಕೂತರೆ ಓದಲು ಕಾಗದಕ್ಕೇನೂ ಬರ ಇಲ್ಲವಲ್ಲ.

ನಿಘಂಟು ಕೊಳ್ಳುವಾಗ ಒಂದು ವಿಷಯ ನೋಡಿ. ಒಳ್ಳೆಯ ನಿಘಂಟಿನಲ್ಲಿ ಬೇರೆ ಮನೆತನದ ಪೋಸ್ಟ್‌ಗಳಿಗೆ 1, 2, 3 ಅಂತ ಬೇರೆ ಬೇರೆ ನಮೂದು ಇರುತ್ತದೆ. ಪ್ರತಿ ನಮೂದಿನ ಒಳಗೆ ಮತ್ತೆ ಹರಡಿದ ಅರ್ಥಗಳು. ಕಿಟೆಲ್ ಅವರು 1894ರಲ್ಲಿ ಪ್ರಕಟಿಸಿದ ಕನ್ನಡ ಇಂಗ್ಲಿಷ್ ನಿಘಂಟಿನಲ್ಲೂ ಒಂದೇ ರೂಪದ ಬೇರೆ ಬೇರೆ ಕನ್ನಡ ಪದಗಳನ್ನು ಹೀಗೆ ನಂಬರ್ ಹಾಕಿ ಬಿಡಿಸಿದ್ದಾರೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಕಾಮಾ ಹಾಕಿ ಸುರಿದಿರುವ ಪಾಕೆಟ್ ನಿಘಂಟು ಇಂಥ ಪದಗಳಿಗೆ ಉಪಯೋಗಕ್ಕೆ ಬಾರದು.

ಕೊನೆಗೆ ಪ್ರಿಪೋನ್. ಅಂಥ ಪದ ಇಲ್ಲ ಅನ್ನುವುದು ತಪ್ಪು. ಮುಂದೂಡುವುದಕ್ಕೆ ಪೋಸ್ಟ್‌ಪೋನ್ ಇರುವಾಗ, ಗೊತ್ತಾದ ದಿನಕ್ಕಿಂತ ಮುಂಚೆಗೆ ತರುವುದಕ್ಕೆ ‘ಪ್ರಿ’ ಹಾಕಿ ಪ್ರಿಪೋನ್ ಅಂದರು. ಲ್ಯಾಟಿನ್ ಲೆಕ್ಕದಲ್ಲೂ ಅದು ನೇರವಾಗಿ ಕೂತುಕೊಳ್ಳುತ್ತದೆ, ಮುಂಚೆಗೆ ಇಡು. ಭಾರತದಲ್ಲಿ ಎಲ್ಲ ಕಚೇರಿಗಳಲ್ಲೂ ಬಳಸುತ್ತಾರೆ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಭಾರತೀಯ ಇಂಗ್ಲಿಷ್ ಅಂತ ಗುರುತು ಹಾಕಿ ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಅದು ಒಳ್ಳೆಯ ಪದ, ಇಂಗ್ಲೆಂಡಿನಲ್ಲಿ ಬಳಕೆಗೆ ಬರಲಿಲ್ಲವಲ್ಲ ಅನ್ನಿಸುತ್ತದೆ. ಆದರೆ ಭಾರತದಿಂದ ಹೊರಗೆ ಬಹಳ ಜನಕ್ಕೆ ಅದು ಅರ್ಥ ಆಗುವುದಿಲ್ಲ, ಕೆಲವರು ತಪ್ಪು ಅಂತಲೇ ಎಣಿಸುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ, ಮುಂದೆ ವಿದೇಶಕ್ಕೆ ಬರೆಯುವ ಅರ್ಜಿಯಲ್ಲಿ ‘ಅಡ್ವಾನ್ಸ್’ ಅಥವಾ ‘ಬ್ರಿಂಗ್ ಫಾರ್ವರ್ಡ್’ ಅಂತ ಬರೆಯುವುದು ಕ್ಷೇಮ. ಆ ಒಂದು ಮಾರ್ಕಿಗೆ ಟೀಚರ್ ಜೊತೆ ಜಗಳ ಬೇಡ. ನಿಘಂಟಿನ ಆ ಪುಟ ಪ್ರಿಂಟ್ ತೆಗೆದು ಮಗಳ ಕೈಲಿ ಕೊಟ್ಟು ಕಳಿಸಿ, ‘ಮಿಸ್, ಇದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು?’ ಅಂತ ಅವಳೇ ಕೇಳಲಿ.